ಬಂಡಿ ಓಡಿಸುವವನಿಗೆ ಹೆಣ್ಣು ಹುಡುಕಿದ್ದು

ಲಾರಿ ಇರುವ ಮನೆಯವರು ನಗುವುದಕ್ಕೆಂದು ಎಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನಾಗಿಯೇ ಡೀಸೆಲ್ ಹಾಕಿಸಿಕೊಂಡು, ಹಾರ್ನ್ ಹೊಡೆದುಕೊಂಡು ಬಾಗಿಲಿಗೆ ಬರುತ್ತದೆ.

ನಮ್ಮ ಊರು ತಮಿಳುನಾಡಿನ ಕಂಬಂ ಪಕ್ಕ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು, ತಲೆತಲಾಂತರದಿಂದ ಹೀಗೆಯೇ. ನಾನು ಮದುರೆಯಲ್ಲಿ ಬಿ.ಕಾಂ. ಮುಗಿಸಿದವಳು, ನಮ್ಮ ಬೀದಿಯಲ್ಲಿ ಕಾಲೇಜು ಮುಗಿಸಿದ ಮೊದಲ ಹೆಂಗಸು. ಇದನ್ನು ಇಲ್ಲಿ ಹೇಳಲೇಬೇಕೆಂದೇನಿಲ್ಲ, ಆದರೂ ಹೇಳಿದ್ದೇನೆ. ಮನೆಯ ಲಾರಿಯ ಪರ್ಮಿಟ್ಟು, ಇನ್ಶೂರೆನ್ಸು, ಎಫ್.ಸಿ., ಯಾವ ಟೈರು ಯಾವಾಗ ಬದಲಾಯಿತು, ಯಾವ ಲೋಡು ಯಾವ ಊರಿಗೆ ಹೋಯಿತು ಎಲ್ಲವೂ ನನ್ನ ಫೈಲುಗಳಲ್ಲಿ ಭದ್ರವಾಗಿವೆ. ನಾನು ಕನ್ನಡ ಅಕ್ಷರ ಕಲಿತದ್ದೂ ಲಾರಿಯಿಂದಲೇ. ಮೈಸೂರಿನ ಮಂಡಿಯಿಂದ ಬರುವ ಕನ್ನಡದ ಚೀಟಿಯನ್ನು ಕನ್ನಡವನ್ನೇ ಆಡುವ ನಮ್ಮ ಮನೆಯಲ್ಲಿ ಒಬ್ಬರೂ ಓದಲಾರರು ಎಂಬುದು ನನಗೆ ಅವಮಾನವೆನಿಸಿತು. ಕೂತು ಕಲಿತೆ.

ಲಾರಿಗೆ ನಾವು ಬಂಡಿ ಅನ್ನುತ್ತೇವೆ. ಅದನ್ನು ಓಡಿಸುವವನು ನನ್ನ ಮೈದುನನ ಮಗ. ತಂದೆ ತಾಯಿ ಇಲ್ಲ, ನಾನೇ ಸಾಕಿದ್ದು. ಸ್ಟೀರಿಂಗ್ ಹಿಡಿದರೆ ಬೆಟ್ಟವನ್ನೂ ಲೆಕ್ಕಕ್ಕಿಡದವನು, ಬೇರೆಯವರ ಮನೆಯ ಸೋಫಾದ ಮೇಲೆ ಕೂತರೆ ತಲೆ ಎತ್ತುವುದಿಲ್ಲ. ಮೂವತ್ತು ದಾಟಿದ್ದರೂ ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ. ಕುಲ ಕೇಳುವರು, ಜಾತಕ ನೋಡುವರು, ಎಲ್ಲಾ ಸರಿ ಅನ್ನುವರು. ಲಾರಿ ಡ್ರೈವರ್ ಅಂದ ಕೂಡಲೇ ಕಾಫಿ ಲೋಟ ತೆಗೆದಿಡುವರು.

ಒಂದು ದಿನ ಅವನೇ ಬಂದು ಹೇಳಿದ. "ಕಂಬಂದಿಂದ ದಿಂಡುಗಲ್ ತನಕ ಎಲ್ಲಾರೂ ಬೇಡ ಅಂದಾಯ್ತು ದೊಡ್ಡವ್ವ. ಈ ವರ್ಷ ಆಗದಿದ್ರೆ ಬಂಡಿ ಮಾರಿಬುಡು. ದಿಂಡುಗಲ್ಲಾಗೆ ಯಾವ್ದಾದ್ರೂ ಬೀಗದ ಅಂಗಡಿಗೆ ಸೇರ್ಕತೀನಿ. ಬೀಗ ಮಾರೋನಿಗೆ ಹೆಣ್ಣು ಕೊಡ್ತಾರೆ, ಸಾಯಂಕಾಲ ಮನೆಗೆ ಬತ್ತಾನೆ ಅಂತ."

ಬೆಟ್ಟ ಇಳಿಸುವ ಕೈಗೆ ಬೀಗ ಕೊಡಲು ನನಗೆ ಮನಸ್ಸಿರಲಿಲ್ಲ. ಆ ವರ್ಷ ನಡೆದದ್ದನ್ನು ನಡೆದಂತೆಯೇ ಬರೆದಿಟ್ಟಿದ್ದೇನೆ.

೧. ಟ್ರಾನ್ಸ್‌ಪೋರ್ಟ್ ಲೈನ್

ತೇನಿಯಿಂದ ಒಬ್ಬ ಮದುವೆ ಬ್ರೋಕರನ್ನು ಕರೆಸಿದೆ. ಹುಡುಗನ ವಿವರ ಬರೆದುಕೊಡಿ ಅಂದರು. ಉದ್ಯೋಗ ಎಂಬ ಕಡೆ ಬರಿ 'ಡ್ರೈವರ್' ಅಂತ ಬರೆದರೆ ಓದುವವರಿಗೆ ಏನು ತಿಳಿಯುತ್ತದೆ? ನಾನು ವಿವರವಾಗಿಯೇ ಬರೆದೆ. ಹೊರಡುವ ಮೊದಲು ಟೈರಿನ ಗಾಳಿ, ಬ್ರೇಕು, ಆಯಿಲು, ದೀಪ ನೋಡುವುದು. ಲೋಡು ಒಂದೇ ಕಡೆಗೆ ವಾಲದಂತೆ ಹಾಕಿಸುವುದು. ತಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು. ಬಿಲ್ಲು, ಪರ್ಮಿಟ್ಟು ಕೈಯಳತೆಯಲ್ಲಿ ಇಡುವುದು. ನಿದ್ದೆ ಬಂದರೆ ಬಂಡಿ ನಿಲ್ಲಿಸುವುದು. ಹತ್ತಿಸಿದ ಮಾಲನ್ನು ಹತ್ತಿಸಿದ ಹಾಗೆಯೇ ಇಳಿಸಿಕೊಡುವುದು.

ಬ್ರೋಕರು ಕನ್ನಡಕ ಏರಿಸಿ ಓದಿದರು. "ಅಮ್ಮಾ, ಇದು ಮಾಪಿಳ್ಳೈ ವಿವರವಾ, ಲಾರಿ ಜೊತೆ ಕಂಪನಿಯವರು ಕೊಡೋ ಪುಸ್ತಕವಾ?" ಅಂದರು. ಎಲ್ಲವನ್ನೂ ಹೊಡೆದುಹಾಕಿ 'ಟ್ರಾನ್ಸ್‌ಪೋರ್ಟ್ ಲೈನ್' ಎಂದು ಎರಡು ಮಾತು ಬರೆದುಕೊಂಡು ಹೋದರು.

ಎರಡು ಮಾತು ಕೆಲಸ ಮಾಡಿತು. ಮುಂದಿನ ವಾರವೇ ಚಿನ್ನಮನೂರಿನಿಂದ ಹೆಣ್ಣಿನ ಸೋದರಮಾವ ಬೈಕಿನಲ್ಲಿ ಬಂದರು. ಚೀಲದಲ್ಲಿ ಹಣ್ಣು, ಹಣ್ಣಿನ ಕೆಳಗೆ ಅವರ ಲೈಸೆನ್ಸು. ಕಾಫಿ ಕುಡಿದು ಹುಡುಗನ ಪಕ್ಕಕ್ಕೆ ಸರಿದು ಕೂತರು.

"ತಂಬಿ, ನಾಳೆ ಆಫೀಸಿಗೆ ಹೋಗೋವಾಗ ಇದನ್ನ ಒಂಚೂರು ನೋಡ್ಕೊಳ್ಳಿ. ಕ್ಯೂನಲ್ಲಿ ನಿಲ್ಲೋಕೆ ನನ್ನ ಕೈಲಾಗಲ್ಲ."

ಅವರು ಅವನನ್ನು ಸಾರಿಗೆ ಇಲಾಖೆಯ ಅಧಿಕಾರಿ ಎಂದುಕೊಂಡಿದ್ದರು. ಅದು ನನಗೆ ಆಗಲೇ ಹೊಳೆಯಿತು. ಅವನಿಗೆ ಹೊಳೆಯಲಿಲ್ಲ. ಲೈಸೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಮಾಮ, ಇದು ಮುಗ್ದು ಬಾಳ ಕಾಲ ಆಗೈತೆ. ಇದನ್ನ ಇಟ್ಕಂಡು ನೀವು ಬಂಡಿ ಓಡಿಸಂಗಿಲ್ಲ."

"ಅದಕ್ಕೇ ತಂಬಿ ನಿಮ್ಮ ತಾವ ಬಂದದ್ದು. ನೀವು ಒಂದು ಸೀಲು ಹೊಡೆದರೆ ಆಯ್ತಲ್ಲ."

"ನಾನು ಹಾರ್ನ್ ಹೊಡೀತೀನಿ ಮಾಮ. ಸೀಲು ಹೊಡಿಯಲ್ಲ."

ಮಾತು ಅಲ್ಲಿಗೆ ಮುಗಿಯಿತು. ಸೋದರಮಾವ ಸಿಟ್ಟಿನಿಂದ ಎದ್ದು ಹೊರಗೆ ಹೋದವರು ಮತ್ತೆ ಒಳಗೆ ಬಂದರು. ಕಾಫಿ ಲೋಟದ ಪಕ್ಕ ಇಟ್ಟಿದ್ದ ಬೈಕಿನ ಕೀಲಿ ಇರಲಿಲ್ಲ. ಲೈಸೆನ್ಸ್ ಇಲ್ಲದವರು ರಸ್ತೆಗೆ ಹೋಗುವುದು ತಪ್ಪೆಂದು ನಮ್ಮವನು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದ. ಅವರು ಬಸ್ಸಿನಲ್ಲೇ ಊರಿಗೆ ಹೋದರು. ಹಣ್ಣಿನ ಚೀಲವನ್ನು ಮಾತ್ರ ಮರೆಯದೆ ತೆಗೆದುಕೊಂಡು ಹೋದರು.

೨. ಒಂದು ಏಟು, ಎರಡು ಏಟು

ಬಂಡಿಯನ್ನು ಹಿಂದಕ್ಕೆ ತೆಗೆಯುವಾಗ ಡ್ರೈವರಿಗೆ ಹಿಂಬದಿ ಪೂರ್ತಿ ಕಾಣುವುದಿಲ್ಲ. ಹಿಂದೆ ಒಬ್ಬರು ನಿಂತು ಬಂಡಿಯ ಮೈಮೇಲೆ ಕೈಯಿಂದ ಹೊಡೆದು ಹೇಳಬೇಕು. ಎರಡೆರಡು ಏಟು ಬೀಳುತ್ತಿದ್ದರೆ ರೈಟ್, ಅಂದರೆ ಬಂಡಿ ಹೋಗಬಹುದು. ಒಂದೇ ಏಟು ಬಿದ್ದರೆ ನಿಲ್ಲಬೇಕು. ಕಂಬಂ ಕಣಿವೆಯಲ್ಲಿ ಬಂಡಿಯ ಸಹವಾಸ ಮಾಡಿದ ಎಲ್ಲರಿಗೂ ಇದು ಗೊತ್ತು. ಡ್ರೈವರು ಕಿವಿಯಿಂದಲೇ ಕೇಳಿ ಕಾಲಿನಿಂದಲೇ ಉತ್ತರ ಕೊಡುತ್ತಾನೆ. ನಡುವೆ ತಲೆಗೆ ಕೆಲಸವಿಲ್ಲ.

ಈಗ ಕ್ಲೀನರುಗಳು ಸಿಗುವುದಿಲ್ಲ. ಹಾಗಾಗಿ ಯಾರು ಎದುರಿಗೆ ಬಂದರೆ ಅವರನ್ನು ನಮ್ಮವನು ಹಿಂದೆ ನಿಲ್ಲಿಸಿಕೊಳ್ಳುತ್ತಾನೆ. ಅವತ್ತು ಎದುರಿಗೆ ಬಂದವರು ಬ್ರೋಕರು. ತೇನಿಯಲ್ಲಿ ಒಳ್ಳೆಯ ಸಂಬಂಧವಿದೆ ಎಂದು ಹೇಳಲು ಮೊಪೆಡ್ಡಿನಲ್ಲಿ ಬಂದವರು, ಅದನ್ನು ಅಂಗಳದಲ್ಲಿ ನಿಲ್ಲಿಸಿ ಇನ್ನೂ ಬಾಯಿ ತೆರೆದಿರಲಿಲ್ಲ.

"ಅಣ್ಣೇ, ಒಂಚೂರು ಹಿಂದಕ್ಕೆ ನಿಂತು ತಟ್ಟಿ," ಅಂದ ಇವನು.

ಬ್ರೋಕರು ಚೆನ್ನಾಗಿಯೇ ತಟ್ಟುತ್ತಿದ್ದರು. ಬಂಡಿ ತಮ್ಮ ಮೊಪೆಡ್ಡಿನ ಹತ್ತಿರ ಬಂದದ್ದು ಕಂಡಿತು. ಒಂದು ಏಟು ಹೊಡೆದರು. ಇವನು ಬ್ರೇಕ್ ಮೇಲೆ ಕಾಲಿಟ್ಟ. ಬ್ರೋಕರಿಗೆ ಭಯ ಹೋಗಿರಲಿಲ್ಲ. ಹುಡುಗನಿಗೆ ಕೇಳಿಸಿತೋ ಇಲ್ಲವೋ ಎಂದು, ಖಂಡಿತವಾಗಿ ನಿಲ್ಲಲಿ ಎಂದು, ಇನ್ನೊಂದು ಏಟು ಹೊಡೆದರು.

ಎರಡು ಆಯಿತು.

ಬಂಡಿ ನಿಂತ ಮೇಲೆ ಇವನು ಇಳಿದು ಬಂದು ನೋಡಿದ. ಮೊಪೆಡ್ಡು ಉದ್ದದಲ್ಲಿ ಕಡಿಮೆಯಾಗಿ ಅಗಲದಲ್ಲಿ ಹೆಚ್ಚಾಗಿತ್ತು.

"ನಿಲ್ಲು ಅಂದೆನಲ್ಲಯ್ಯಾ," ಅಂದರು ಬ್ರೋಕರು.

"ರೈಟ್ ಅಂದ್ರಲ್ಲ ಅಣ್ಣೇ," ಅಂದ ಇವನು.

ರಿಪೇರಿ ನಾವೇ ಮಾಡಿಸಿಕೊಟ್ಟೆವು. ತೇನಿಯ ಸಂಬಂಧದ ಮಾತು ಮಾತ್ರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಬ್ರೋಕರು ನಮ್ಮ ಮನೆಗೆ ಬಂದಾಗ ಮೊಪೆಡ್ಡನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದರು.

೩. ಸರಕು

ಮೂರನೆಯದು ಉತ್ತಮಪಾಳೆಯದ ಮನೆ. ಇಲ್ಲಿ ಮೊದಲೇ ಒಂದು ಮಾತು ಹೇಳಿಬಿಡಬೇಕು. ನಮ್ಮ ಕನ್ನಡದಲ್ಲಿ ಸರಕು ಎಂದರೆ ಲೋಡು, ಸಾಮಾನು. ತಮಿಳಿನಲ್ಲಿಯೂ ಸರಕ್ಕು ಎಂದರೆ ಅದೇ. ಆದರೆ ಈಗಿನ ತಮಿಳು ಹುಡುಗರ ಬಾಯಲ್ಲಿ ಸರಕ್ಕು ಎಂದರೆ ಹೆಂಡ.

ಆ ಮನೆಯವರಿಗೆ ಡ್ರೈವರ್ ಎಂಬುದು ಗೊತ್ತಿತ್ತು, ಗೊತ್ತಿದ್ದೂ ಬನ್ನಿ ಅಂದಿದ್ದರು. ನನಗೆ ಅರ್ಧ ಮದುವೆ ಆದಷ್ಟೇ ಸಂತೋಷ. ಮನೆಯ ದೊಡ್ಡ ಅಳಿಯ ಕೊಯಮತ್ತೂರಿನಲ್ಲಿ ಹುಟ್ಟಿ ಬೆಳೆದವನು. ನಮ್ಮ ಜನವೇ, ಆದರೆ ಮನೆಮಾತು ಕಿವಿಗೆ ಅರ್ಧ ಹೋಗುತ್ತದೆ, ಬಾಯಿಗೆ ಬರುವುದಿಲ್ಲ. ಅವನು ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದ. ಹುಡುಗ ಕುಡಿಯುತ್ತಾನಾ?

"ಒಂದು ತೊಟ್ಟೂ ಇಲ್ಲ. ಬೇಕಾದರೆ ಈಗಲೇ ಮಾತಾಡಿಸುತ್ತೇನೆ, ಅವನ ದನಿ ಕೇಳಿ ನೀವೇ ಹೇಳಿ," ಎಂದು ಫೋನನ್ನು ಸ್ಪೀಕರಿಗೆ ಹಾಕಿ ನಡುಮನೆಯ ಮೇಜಿನ ಮೇಲೆ ಇಟ್ಟೆ. ನಮ್ಮವನು ಅವತ್ತು ದ್ರಾಕ್ಷಿ ರಸದ ಬಾಟಲಿಗಳ ಲೋಡು ತೆಗೆದುಕೊಂಡು ದಿಂಡುಗಲ್‌ಗೆ ಹೋಗಿದ್ದ.

"ಮಗಾ, ಎಲ್ಲಿದ್ದೀಯೆ?"

"ದಿಂಡುಗಲ್ಲಾಗೆ ದೊಡ್ಡವ್ವ."

"ಸರಕು ಏನಾಯ್ತು?"

"ಅರ್ಧ ಇಳ್ಸಾಯ್ತು. ಮಿಕ್ಕಿದ್ದು ಉಂಡ್ಕಂಡು ಇಳ್ಸ್ತೀನಿ."

ಅಳಿಯ ಮುಂದಕ್ಕೆ ಬಾಗಿ ಕೂತ. ನಾನು ಹುಡುಗನ ಜವಾಬ್ದಾರಿ ತೋರಿಸೋಣವೆಂದು, "ಒಬ್ಬನೇ ಇಳಿಸ್ತಾ ಇದ್ದೀಯಾ?" ಅಂದೆ.

"ಇಲ್ಲ, ಇಲ್ಲಿ ನಾಕೈದು ಜನ ಅವ್ರೆ. ಅವ್ರು ಬಲು ಬಿರುಸು, ನಾನು ನಿಧಾನ. ಬಿಸ್ಲಿಗೆ ತಲೆ ಬೇರೆ ಸುತ್ತುತೈತೆ. ಬಾಟ್ಲಿ ಮಾತ್ರ ಒಂದೂ ಒಡೀಲಿಲ್ಲ ದೊಡ್ಡವ್ವ, ಎಲ್ಲಾ ಸಲೀಸಾಗಿ ಇಳೀತೈತೆ."

ಫೋನ್ ಆರಿಸಿ ತಲೆ ಎತ್ತುವಷ್ಟರಲ್ಲಿ ಅಳಿಯ ಅದು ಹೆಂಡವೆಂದು ಮಾವನ ಕಿವಿಗೆ ಹೇಳಿಯಾಗಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಸರಕಿಗೂ ಸರಕ್ಕಿಗೂ ಇರುವ ವ್ಯತ್ಯಾಸವನ್ನು ಕಾಲೇಜಿನಲ್ಲಿ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದೆ. ಹೇಳಿದಷ್ಟೂ ಮುಚ್ಚಿಡುತ್ತಿದ್ದೇನೆ ಎಂಬಂತೆ ಕಂಡಿತು. ಹೆಣ್ಣಿನ ತಂದೆ ಮರ್ಯಾದೆಯಿಂದ ಬಾಗಿಲ ತನಕ ಬಂದು ಕಳಿಸಿಕೊಟ್ಟರು.

"ಒಂದು ಒಳ್ಳೇ ಗುಣ ಐತೆ ನೋಡಿ ಅಕ್ಕಾ," ಅಂದರು. "ಹುಡುಗ ಸುಳ್ಳು ಹೇಳಲ್ಲ."

೪. ಬಂಡಿ ಎಲ್ಲಿ?

ಈ ಕಡೆ ಆಗದಿದ್ದರೆ ಆ ಕಡೆ ನೋಡೋಣ ಎಂದು ನನಗೆ ತೋರಿತು. ದ್ರಾಕ್ಷಿ ಹೇರಿಕೊಂಡು ಮೈಸೂರಿಗೆ ಹೊರಟವನಿಗೆ, "ಮಂಡಿಯವರು ಒಳ್ಳೆಯ ಜನ. ಮಾತಿನ ನಡುವೆ ಮದುವೆ ವಿಷಯ ಎತ್ತು. ಅಲ್ಲಿ ನಮ್ಮದೇ ಭಾಷೆ, ತೊಂದರೆ ಇಲ್ಲ," ಎಂದು ಹೇಳಿ ಕಳಿಸಿದೆ.

ಅವನು ದಿಂಬಂ ಘಾಟಿ ಹತ್ತಿ, ಚಾಮರಾಜನಗರ ದಾಟಿ, ಮಾರುಕಟ್ಟೆಯ ಗೇಟಿನ ಮುಂದೆ ನಿಂತು, ಯಾವಾಗಲೂ ಗುಮಾಸ್ತನಿಗೆ ಮಾಡುವವನು ಮದುವೆಯ ಮಾತಿಗೆಂದು ಅವತ್ತು ಮಂಡಿಯ ಯಜಮಾನರಿಗೇ ಫೋನ್ ಮಾಡಿದ. "ಅಣ್ಣಾ, ಬಂಡಿ ಬಂದೈತೆ. ಗೇಟ್ ತಾವ ನಿಂತೈತೆ."

ಅಲ್ಲಿಯವರಿಗೆ ಬಂಡಿ ಎಂದರೆ ಎತ್ತು ಕಟ್ಟಿದ ಗಾಡಿ. ಯಜಮಾನರು ಕಾವಲುಗಾರನನ್ನು ಕಳಿಸಿದರು. ಅವನು ಬಂದು ಅತ್ತ ಇತ್ತ ನೋಡಿ ಅಲ್ಲಿಂದಲೇ ಕೂಗಿದ, "ಬಂಡಿ ಯಾವುದೂ ಇಲ್ಲ ಯಜಮಾನ್ರೇ. ಒಂದು ಲಾರಿ ಅಡ್ಡ ನಿಂತಿದೆ."

"ಆ ಲಾರಿ ತೆಗೆಸು. ಬಂಡಿ ಬರೋಕೆ ದಾರಿ ಬಿಡಿಸು."

ಕಾವಲುಗಾರ ಬಂದು, "ಲಾರಿ ಪಕ್ಕಕ್ಕೆ ಹಾಕಪ್ಪ, ಬಂಡಿ ಬರಬೇಕಂತೆ," ಅಂದ. ನಮ್ಮವನು ಹೇಳಿದ ಮಾತು ಕೇಳುವವನು. ಯಾರದೋ ಬಂಡಿ ಬರುತ್ತಿದೆ, ಪಾಪ, ದಾರಿ ಬಿಡೋಣ ಎಂದು ತನ್ನ ಬಂಡಿಯನ್ನು ದೂರ ತೆಗೆದು ನಿಲ್ಲಿಸಿದ. ಆಮೇಲೆ ಇಳಿದು ಬಂದು ಕಾವಲುಗಾರನ ಪಕ್ಕದಲ್ಲಿ ನಿಂತು ತಾನೂ ರಸ್ತೆಯನ್ನು ನೋಡತೊಡಗಿದ. ದ್ರಾಕ್ಷಿ ಬಿಸಿಲಲ್ಲಿ ಕಾಯುತ್ತಿತ್ತು. ಕೊನೆಗೆ ಯಜಮಾನರೇ ಹೊರಗೆ ಬಂದು, "ಎಲ್ಲಪ್ಪ ಇನ್ನೂ ಬರಲಿಲ್ಲ, ಆ ಎತ್ತುಗಳಿಗೆ ಏನಾಯ್ತು?" ಎಂದು ಕೇಳಿದಾಗ ವಿಷಯ ತಿಳಿಯಿತು.

ಊರಿಗೆ ಬಂದ ಮೇಲೆ, ಮದುವೆಯ ಮಾತು ಎತ್ತಿದೆಯಾ ಎಂದು ಕೇಳಿದೆ.

"ಬಂಡಿ ಅಂದದ್ದಕ್ಕೆ ಎತ್ತು ಹುಡುಕಿದ್ರು ದೊಡ್ಡವ್ವ," ಅಂದ. "ಹೆಣ್ಣು ಅಂದಿದ್ರೆ ಏನು ಹುಡುಕ್ತಿದ್ರೋ, ನಾನು ಬಾಯಿ ಬುಡಲಿಲ್ಲ."

೫. ಬೋಡಿಮೆಟ್ಟಿನ ಇಳಿಜಾರು

ಬಂಡಿಯ ಹಿಂಬದಿಯಲ್ಲಿ ನಾನು ಒಂದು ಸಾಲು ಬರೆಸಿದ್ದೇನೆ: ಓಡಿಸುವುದು ಸರಿಯಿಲ್ಲದಿದ್ದರೆ ಈ ನಂಬರಿಗೆ ಹೇಳಿ. ನಂಬರು ನನ್ನದು. ಬರೆಸಿದಾಗ ಬೀದಿಯವರೆಲ್ಲ ನಕ್ಕರು. ಬಹಳ ಕಾಲ ಒಂದು ದೂರೂ ಬಂದಿರಲಿಲ್ಲ. ಮೊದಲ ದೂರು ಬಂದದ್ದು ಬೋಡಿಮೆಟ್ಟು ಎಂಬ ಘಾಟಿಯಿಂದ.

ಅವತ್ತು ಅವನು ಮೇಲಿನ ತೋಟಗಳಿಂದ ಟೀ ಮತ್ತು ಏಲಕ್ಕಿ ಮೂಟೆ ಹೇರಿಕೊಂಡು ಇಳಿಯುತ್ತಿದ್ದ. ಬೆಟ್ಟವನ್ನು ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು, ಬ್ರೇಕನ್ನು ನಂಬಿಕೊಂಡು ಇಳಿಯಬಾರದು. ಇದು ಅವನ ನಿಯಮ. ಹಿಂದೆ ಒಂದು ಬಾಡಿಗೆ ಕಾರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು. ತಿರುವುಗಳಲ್ಲಿ ದಾರಿ ಕೊಡುವ ಹಾಗಿರಲಿಲ್ಲ, ಇವನು ಕೊಡಲಿಲ್ಲ.

ನನ್ನ ಫೋನ್ ಹೊಡೆದುಕೊಂಡಿತು. ಒಬ್ಬ ಗಂಡಸು ತಮಿಳಿನಲ್ಲಿ ಕೂಗುತ್ತಿದ್ದ. ನಿಮ್ಮ ಡ್ರೈವರು ಲಾರಿ ಓಡಿಸುತ್ತಿದ್ದಾನೋ, ತಳ್ಳಿಕೊಂಡು ಹೋಗುತ್ತಿದ್ದಾನೋ? ಇವನ ಹಿಂದೆ ಬಂದರೆ ನಾವು ಕೊಂಬೈಗೆ ತಲುಪುವಷ್ಟರಲ್ಲಿ ನನ್ನ ಮಗಳು ಮುದುಕಿಯಾಗಿರುತ್ತಾಳೆ. ನಾನು ಬರೆದುಕೊಳ್ಳಲು ಪೆನ್ನು ತೆಗೆದೆ. ಅಷ್ಟರಲ್ಲಿ ಆ ದನಿಯ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. ವಯಸ್ಸಾದ ಹೆಂಗಸು, ಅಚ್ಚ ನಮ್ಮ ಮನೆಮಾತು.

"ಸುಮ್ಕಿರೋ. ಆವಯ್ಯನ್ನ ಯಾಕೆ ಬೈತೀಯೆ? ಈ ಬೆಟ್ಟ ಇಳ್ಯೋವಾಗ ನಾನು ಕಕ್ಕದೆ ಬಂದದ್ದು ಇದೇ ಮೊದ್ಲು."

ನಾನು ಪೆನ್ನು ಕೆಳಗಿಟ್ಟು ಕನ್ನಡದಲ್ಲಿಯೇ ಕೇಳಿದೆ. "ಯಾವೂರವ್ರಪ್ಪ ನೀವು?"

ಮಗನ ಕೈಯಿಂದ ಅಜ್ಜಿ ಫೋನ್ ಕಿತ್ತುಕೊಂಡರು. ನೀನು ಯಾರ ಮಗಳು, ಯಾವ ಮನೆಗೆ ಸೊಸೆ, ನಿಮ್ಮತ್ತೆಯ ತವರು ಯಾವುದು ಎಂದೆಲ್ಲ ಕೇಳಿ, ಎರಡು ತಿರುವು ಮುಗಿಯುವಷ್ಟರಲ್ಲಿ ನಮ್ಮ ಕುಲವನ್ನೆಲ್ಲ ಜಾಲಾಡಿದರು.

"ಆ ಬಂಡಿ ಓಡ್ಸೋನಿಗೆ ಮದುವೆ ಆಗೈತಾ?"

"ಇಲ್ಲ ಅವ್ವಾ. ಹುಡುಕ್ತಾ ಇದ್ದೀವಿ."

ಮಗ ಪಕ್ಕದಿಂದ, "ಅವ್ವಾ, ನಾನು ಕಂಪ್ಲೇಂಟ್ ಕೊಡ್ತಾ ಇದ್ದೀನಿ," ಅಂದ.

"ಕೊಡೀವಂತೆ ತಾಳು," ಅಂದರು ಅಜ್ಜಿ. "ಮೊದ್ಲು ಹೆಣ್ಣು ಕೊಡೋ ಮಾತು ಆಗ್ಲಿ."

೬. ಕೊಂಬೈ

ಹೆಣ್ಣು ನೋಡಲು ಹೋಗುವ ದಿನ ಗೊತ್ತಾಯಿತು. ಅಜ್ಜಿಗೆ ಒಪ್ಪಿಗೆ, ಅಜ್ಜಿಯ ಮಗನಿಗೆ, ಅಂದರೆ ಹೆಣ್ಣಿನ ತಂದೆಗೆ, ಮನಸ್ಸಿಲ್ಲ. "ಹುಡುಗಿ ಬಾಯಿಬಿಟ್ಟು ಸರಿ ಅಂದ್ರೆ ಸರಿ. ಇಲ್ಲದಿದ್ರೆ ನಾನು ಬಲವಂತ ಮಾಡಲ್ಲ," ಎಂದು ಮೊದಲೇ ಹೇಳಿದ್ದರು. ಹುಡುಗಿ ಎಂ.ಕಾಂ. ಓದಿದವಳು, ತಂದೆಯ ತೆಂಗಿನಕಾಯಿ ಮಂಡಿಯನ್ನೂ ಅಲ್ಲಿಗೆ ಬರುವ ಲಾರಿಗಳನ್ನೂ ನೋಡಿಕೊಳ್ಳುತ್ತಾಳೆ. ಎಂ.ಕಾಂ. ಎಂಬುದು ನನ್ನದಕ್ಕಿಂತ ಒಂದು ಮೆಟ್ಟಿಲು ಮೇಲೆ. ಅದನ್ನು ನಾನು ಸಹಿಸಿಕೊಂಡೆ.

ನಮ್ಮವನು, "ಇದೂ ಆಗದಿದ್ರೆ ಬಂಡಿ ಮಾರೋದೇ ದೊಡ್ಡವ್ವ, ಮಾತು ತಪ್ಪಬೇಡ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಬೆಟ್ಟದ ಬುಡದ ಬೋಡಿಯ ಒಬ್ಬರು ಬಂಡಿಯನ್ನು ನೋಡಿಕೊಂಡೂ ಹೋಗಿದ್ದರು.

ಅವತ್ತು ಅವನು ಬಿಳಿ ಪಂಚೆ ಉಟ್ಟು ನಮ್ಮ ಜೊತೆ ಕಾರಿನಲ್ಲಿ ಬರಬೇಕಿತ್ತು. ಬೆಳಗ್ಗೆ ಘಾಟಿಯಲ್ಲಿ ಬಸ್ಸೊಂದು ಕೆಟ್ಟು ನಿಂತು, ಅವನು ಇಳಿಯುವುದೇ ತಡವಾಯಿತು. ಬೋಡಿಯಲ್ಲಿ ಮಾಲು ಇಳಿಸಿ, ಬಂಡಿಯೊಳಗೇ ಪಂಚೆ ಬದಲಿಸಿ, ನೇರವಾಗಿ ಬಂಡಿಯಲ್ಲೇ ಕೊಂಬೈಗೆ ಬಂದ. ಬೀದಿಯಲ್ಲಿ ನಿಲ್ಲಿಸಿದರೆ ಬಸ್ಸು, ಷೇರ್ ಆಟೋ ಒಂದೂ ಹೋಗುವ ಹಾಗಿರಲಿಲ್ಲ. ಅವರ ಮನೆಯ ಪಕ್ಕದ ಸಂದಿಗೆ ಹಿಂದಕ್ಕೆ ತೆಗೆಯಬೇಕು.

ನಾವೆಲ್ಲ ನಡುಮನೆಯಲ್ಲಿ ಕೂತಿದ್ದೆವು. ಹೊರಗೆ ಎಂಜಿನ್ನಿನ ಸದ್ದು ಕೇಳಿದ ಕೂಡಲೇ ಬ್ರೋಕರು ಎದ್ದು ಓಡಿದರು. ತಟ್ಟುವುದಕ್ಕಲ್ಲ, ಮೊಪೆಡ್ ತೆಗೆಯುವುದಕ್ಕೆ. ಹೆಣ್ಣಿನ ತಂದೆ, "ಹೆಣ್ಣು ನೋಡೋಕೆ ಲಾರೀಲಿ ಬಂದವನನ್ನ ಇವತ್ತೇ ನೋಡಿದ್ದು," ಅಂದರು.

ಆಗ ಸಂದಿಯಿಂದ ತಟ್ಟುವ ಸದ್ದು ಬಂತು. ತಟ್ ತಟ್. ತಟ್ ತಟ್. ಕೈ ಪಳಗಿದ ಏಟು, ಅವಸರವಿಲ್ಲ. ಆಮೇಲೆ ಒಂದೇ ಒಂದು: ತಟ್. ಎಂಜಿನ್ ಆರಿತು. ಕಿಟಕಿಯಿಂದ ಇಣುಕಿದೆ. ಗೋಡೆಗೂ ಬಂಡಿಗೂ ನಡುವೆ ಒಂದು ಅಂಗೈ ಜಾಗ. ರೇಷ್ಮೆ ಸೀರೆ ಉಟ್ಟು, ಜಡೆ ತುಂಬ ಮಲ್ಲಿಗೆ ಮುಡಿದ ಹುಡುಗಿ ಕೈಯ ಧೂಳು ಕೊಡವಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು.

ಇವನು ಬಂದು ಕೂತು ಎಂದಿನಂತೆ ತಲೆ ತಗ್ಗಿಸಿದ. ಅವಳು ಕಾಫಿ ತಂದು ಕೊಟ್ಟಳು, ಅವನು ಲೋಟ ನೋಡಿದ. ಅವಳು ಬಾಗಿಲ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಳು, ಅವನು ನೆಲ ನೋಡಿದ.

"ಹೇಳಮ್ಮ," ಅಂದರು ತಂದೆ. "ಸರಿಯಾ, ಬೇಡವಾ? ಬಾಯಿಬಿಟ್ಟು ಹೇಳು."

ಅವಳು ಮಾತಾಡಲಿಲ್ಲ. ಮತ್ತೆ ಕೇಳಿದರು. ಹಿರಿಯರೆಲ್ಲ ತನ್ನ ಬಾಯಿಯನ್ನೇ ನೋಡುತ್ತ ಕೂತಿರುವಾಗ ಎಂ.ಕಾಂ. ಆದರೂ ನಾಚಿಕೆ ನಾಚಿಕೆಯೇ. ತಂದೆ ನನ್ನ ಕಡೆ ತಿರುಗಿ, "ನೋಡಿದಿರಲ್ಲ, ಅವಳಿಗೆ ಮನಸ್ಸಿಲ್ಲ," ಎಂದು ಶುರುಮಾಡಿದರು.

ಆಗ ಅವಳು ಕೈಯಲ್ಲಿದ್ದ ತಟ್ಟೆಯ ಬೆನ್ನಿಗೆ ಎರಡು ಸಲ ತಟ್ಟಿದಳು. ತಟ್ ತಟ್.

ರೈಟ್. ನನಗೆ ಅರ್ಥವಾಯಿತು, ಎದೆ ತುಂಬಿತು. ತಿರುಗಿ ನೋಡಿದರೆ ನಮ್ಮವನು ಎದ್ದು ಬಾಗಿಲ ಕಡೆಗೆ ನಡೆಯುತ್ತಿದ್ದ. ಎರಡು ಏಟು ಬಿತ್ತು, ಹೊರಟ. ತಲೆಗೆ ಏನೂ ಹೋಗಿರಲಿಲ್ಲ.

"ಅಯ್ಯೋ, ಯಾಕಪ್ಪ ಎದ್ದೆ?" ಅಂದರು ಅಜ್ಜಿ. "ಹುಡುಗಿ ಹಿಡಿಸಲಿಲ್ವಾ?"

ತಂದೆಯ ಮುಖ ಕೆಂಪಗಾಯಿತು. ನಾನು ಅವನನ್ನು ಕರೆದೆ. ಅವನಿಗೆ ಕೇಳಿಸಲಿಲ್ಲ. ಹೊಸ್ತಿಲು ದಾಟಿ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡಿದ್ದ. ಬೋಡಿಯವರಿಗೆ ಬಂಡಿ ಕೊಟ್ಟ ಹಾಗೆಯೇ ಎಂದುಕೊಂಡೆ.

ಹುಡುಗಿ ತಟ್ಟೆಯನ್ನು ಒಂದೇ ಸಲ ತಟ್ಟಿದಳು. ತಟ್.

ಅವನು ನಿಂತ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಗಾಳಿಯಲ್ಲಿ, ಹಾಗೆಯೇ ನಿಂತ. ಆಮೇಲೆ ನಿಧಾನವಾಗಿ ತಿರುಗಿ, ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ.

"ಎರಡು ಅಂದ್ರೆ ಹೋಗು ಅಂತಲ್ವಾ?" ಅಂದ.

"ಎರಡು ಅಂದ್ರೆ ರೈಟ್ ಅಂತ," ಅಂದಳು ಅವಳು. ಬಾಯಿಬಿಟ್ಟೇ ಹೇಳಿದಳು.

ಬಂಡಿ ಮಾರಲಿಲ್ಲ. ಈಗ ಮೈಸೂರಿನ ಮಂಡಿಗೆ ಫೋನ್ ಮಾಡುವವಳು ಅವಳೇ, ಲಾರಿ ಬಂತು ಎಂದೇ ಹೇಳುತ್ತಾಳೆ. ಅವತ್ತು ತಾಂಬೂಲದ ತಟ್ಟೆ ಬದಲಾಯಿಸುವಾಗಲೂ ತಂದೆ ಮಾತ್ರ ಗೊಣಗುತ್ತಲೇ ಇದ್ದರು. ಈ ಕಾಲದಲ್ಲಿ ಲಾರಿ ಡ್ರೈವರಿಗೆ ಹೆಣ್ಣು ಕೊಡುವವರು ಯಾರು, ಅವನಲ್ಲಿ ನೀನು ಏನು ಕಂಡೆ ಎಂದು ತಾಯಿಯನ್ನು ಕೇಳಿದರು.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು. "ಒಂದೇ ಏಟಿಗೆ ನಿಂತನಲ್ಲೋ. ನಿಮ್ಮಪ್ಪ ಎಷ್ಟು ಏಟಿಗೆ ನಿಂತಿದ್ದ, ನಿನಗೇನು ಗೊತ್ತು?"